ಠಾಣೆಯಿಂದ ಹೋಗಲೇಬೇಕಾದ ಒಂದು ಫೋನು

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಬರ್ಕ್ ಅಂತ ಒಂದು ಊರಿದೆ. ಸಿಡ್ನಿಯಿಂದ ಸುಮಾರು 800 ಕಿಲೋಮೀಟರ್ ಒಳನಾಡು. ಅಲ್ಲಿನ ಪೊಲೀಸರು ರಾತ್ರಿ ಎರಡು ಗಂಟೆಗೆ ಒಬ್ಬ ಹುಡುಗನನ್ನು ಹಿಡಿದು ತಂದರು ಎಂದುಕೊಳ್ಳಿ. ಹೆಸರು, ವಿಳಾಸ, ಹುಟ್ಟಿದ ದಿನ ಬರೆದುಕೊಳ್ಳುತ್ತಾರೆ. ಆಮೇಲೆ ಒಂದು ಪ್ರಶ್ನೆ ಬರುತ್ತದೆ: ನೀನು ಅಬೊರಿಜಿನಲ್ ಅಥವಾ ಟೊರೆಸ್ ಸ್ಟ್ರೇಟ್ ದ್ವೀಪದವನಾ? (ಈ ಎರಡೂ ಸಮುದಾಯಗಳವರು ಆಸ್ಟ್ರೇಲಿಯಾದ ಮೂಲನಿವಾಸಿಗಳು.) ಹೌದು ಅಂದರೆ ಠಾಣೆಯ ಕಸ್ಟಡಿ ಮ್ಯಾನೇಜರ್, ಅಂದರೆ ಲಾಕಪ್‌ನಲ್ಲಿ ಇರುವವರ ಹೊಣೆ ಹೊತ್ತ ಅಧಿಕಾರಿ, ಫೋನ್ ಎತ್ತಲೇಬೇಕು. ಹುಡುಗ ಕೇಳಲಿ, ಬಿಡಲಿ. ವಕೀಲರು ಬೇಕು ಅನ್ನಲಿ, ಬೇಡ ಅನ್ನಲಿ. ಅಬೊರಿಜಿನಲ್ ಲೀಗಲ್ ಸರ್ವಿಸ್ ಎಂಬ ಸಂಸ್ಥೆಗೆ 'ನಿಮ್ಮವನೊಬ್ಬ ನಮ್ಮ ಹತ್ತಿರ ಇದ್ದಾನೆ' ಅಂತ ತಿಳಿಸಬೇಕು.

ಈ ವ್ಯವಸ್ಥೆಗೆ ಕಸ್ಟಡಿ ನೋಟಿಫಿಕೇಶನ್ ಸರ್ವಿಸ್ ಅಂತ ಹೆಸರು. ನೋಡಲಿಕ್ಕೆ ಏನೂ ಅಲ್ಲ, ಒಂದು ಫೋನ್ ಕರೆ ಅಷ್ಟೇ. ಆದರೆ ಇದು ಹೇಗೆ ಬಂತು, ಆ ಫೋನಿನಲ್ಲಿ ಏನು ಮಾತಾಡುತ್ತಾರೆ, ಎಲ್ಲಿ ಕೈಕೊಡುತ್ತದೆ ಅಂತ ನೋಡಿದರೆ, ಲಾಕಪ್ಪಿನ ಮೊದಲ ಕೆಲವು ಗಂಟೆಗಳಲ್ಲಿ ಒಬ್ಬ ಮನುಷ್ಯನಿಗೆ ಏನೇನು ಆಗಬಹುದು ಅನ್ನುವುದು ಅರ್ಥವಾಗುತ್ತದೆ.

ಮೊದಲು ಫೋನಿನ ಆಚೆ ತುದಿಯವರ ಬಗ್ಗೆ ಹೇಳಬೇಕು. ಸಿಡ್ನಿಯ ರೆಡ್‌ಫರ್ನ್ ಬಡಾವಣೆಯಲ್ಲಿ 1960ರ ದಶಕದ ಕೊನೆಗೆ ಸಾಕಷ್ಟು ಅಬೊರಿಜಿನಲ್ ಕುಟುಂಬಗಳು ನೆಲೆಸಿದ್ದವು. ವಾರದ ಕೊನೆಯಲ್ಲಿ ಸಂಜೆಯಾದರೆ ಸಾಕು, ಅಲ್ಲಿನ ಎಂಪ್ರೆಸ್ ಹೋಟೆಲಿನ ಹೊರಗೆ ಪೊಲೀಸ್ ವ್ಯಾನ್ ಬಂದು ನಿಲ್ಲುತ್ತಿತ್ತು. ಕುಡಿದಿದ್ದಾನೆ, ಗಲಾಟೆ ಮಾಡಿದ ಅಂತ ಯಾರನ್ನು ಬೇಕಾದರೂ ತುಂಬಿಕೊಂಡು ಹೋಗುತ್ತಿದ್ದರು. ಪಾಲ್ ಕೋ, ಗ್ಯಾರಿ ಫೋಲಿ, ಗ್ಯಾರಿ ವಿಲಿಯಮ್ಸ್ ಮುಂತಾದ ಬಿಸಿರಕ್ತದ ಹುಡುಗರು ಇದನ್ನು ಗಮನಿಸಿ ಬರೆದಿಡಲು ಶುರು ಮಾಡಿದರು. ಆಗ ತಾನೇ ಶುರುವಾಗುತ್ತಿದ್ದ ಲಾ ಕಾಲೇಜೊಂದರ ಡೀನ್ ಹಾಲ್ ವೂಟನ್ ಅವರನ್ನು ಜೊತೆಗೆ ಸೇರಿಸಿಕೊಂಡರು. 1970ರ ಕೊನೆಯಲ್ಲಿ ಆಸ್ಟ್ರೇಲಿಯಾದ ಮೊದಲ ಅಬೊರಿಜಿನಲ್ ಲೀಗಲ್ ಸರ್ವಿಸ್ ರೆಡ್‌ಫರ್ನ್‌ನಲ್ಲಿ ಬಾಗಿಲು ತೆರೆಯಿತು. ಆಮೇಲೆ ಒಂದೊಂದೇ ರಾಜ್ಯಕ್ಕೆ ಹಬ್ಬಿತು. ಇವು ಸರ್ಕಾರದ ದುಡ್ಡು ಪಡೆದರೂ ಸರ್ಕಾರಿ ಕಚೇರಿಗಳಲ್ಲ. ಸಮುದಾಯದವರೇ ಕಟ್ಟಿ ನಡೆಸುವ ಸಂಸ್ಥೆಗಳು. ಈ ವ್ಯತ್ಯಾಸ ಮುಖ್ಯ. ಪೊಲೀಸರು ಫೋನ್ ಕೊಟ್ಟು 'ಮಾತಾಡು' ಅಂದಾಗ ಆ ಕಡೆ ಇರುವವರು ತನ್ನವರು ಅಂತ ಹುಡುಗನಿಗೆ ಅನ್ನಿಸದಿದ್ದರೆ ಅವನು ಬಾಯೇ ಬಿಡುವುದಿಲ್ಲ.

ಫೋನ್ ಮಾಡುವುದು ಕಡ್ಡಾಯವಾಗಲು ಇನ್ನೂ ಕಾಲ ಬೇಕಾಯಿತು. 1983ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ರೋಬರ್ನ್ ಎಂಬ ಊರಿನಲ್ಲಿ 16 ವರ್ಷದ ಹುಡುಗನೊಬ್ಬ ಪೊಲೀಸ್ ಲಾಕಪ್‌ನಲ್ಲಿ ಸತ್ತ. ಹೋಟೆಲ್ ಮುಂದೆ ಪೊಲೀಸರ ಜೊತೆ ನಡೆದ ಹೊಡೆದಾಟದಲ್ಲಿ ಅವನ ತಲೆಗೆ ಪೆಟ್ಟು ಬಿದ್ದಿತ್ತು. 5 ಪೊಲೀಸರ ಮೇಲೆ ಕೇಸು ನಡೆದು ಐವರೂ ಖುಲಾಸೆಯಾದರು. (ತೀರಿಹೋದವರ ಹೆಸರು ಹೇಳುವುದು ಹಲವು ಅಬೊರಿಜಿನಲ್ ಸಮುದಾಯಗಳಲ್ಲಿ ವಾಡಿಕೆಯಲ್ಲ. ಅದಕ್ಕೇ ಈ ಲೇಖನದಲ್ಲಿ ಊರು, ವರ್ಷ ಮಾತ್ರ ಬರೆದಿದ್ದೇನೆ.) ಇಂಥ ಸಾವುಗಳ ವಿರುದ್ಧ ಕುಟುಂಬದವರು ಬೀದಿಗಿಳಿದರು. 1987ರಲ್ಲಿ ಪ್ರಧಾನಿ ಬಾಬ್ ಹಾಕ್ ಅವರ ಸರ್ಕಾರ ರಾಯಲ್ ಕಮಿಷನ್, ಅಂದರೆ ಉನ್ನತ ತನಿಖಾ ಆಯೋಗ, ನೇಮಿಸಿತು.

ಕಮಿಷನ್ 1980ರಿಂದ 1989ರ ಮೇ ತನಕದ 99 ಸಾವುಗಳನ್ನು ಒಂದೊಂದಾಗಿ ತನಿಖೆ ಮಾಡಿತು. ಅದರಲ್ಲಿ 63 ಸಾವು ಪೊಲೀಸ್ ವಶದಲ್ಲೇ ಆಗಿದ್ದವು. ಸತ್ತ 99 ಜನರಲ್ಲಿ 43 ಮಂದಿಯನ್ನು ಚಿಕ್ಕವರಿದ್ದಾಗ ತಂದೆತಾಯಿಯಿಂದ ಬೇರೆ ಮಾಡಲಾಗಿತ್ತು. 1991ರ ವರದಿಯ ತಿರುಳು ಬಹಳ ಜನ ಎಣಿಸಿದ ಹಾಗಿರಲಿಲ್ಲ. ಲಾಕಪ್ ಸೇರಿದ ಮೇಲೆ ಅಬೊರಿಜಿನಲ್ ಜನ ಬೇರೆಯವರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಸಾಯುತ್ತಿಲ್ಲ, ಆದರೆ ಲಾಕಪ್ ಸೇರುವುದೇ ವಿಪರೀತ ಜಾಸ್ತಿ ಅಂತ ಅದು ಹೇಳಿತು. 1988ರ ಆಗಸ್ಟ್ ತಿಂಗಳಲ್ಲಿ ದೇಶದ ಲಾಕಪ್‌ಗಳ ಲೆಕ್ಕ ತೆಗೆದಾಗ ಒಳಗಿದ್ದವರಲ್ಲಿ ಶೇಕಡಾ 29ರಷ್ಟು ಅಬೊರಿಜಿನಲ್ ಜನ. ಆಗ ದೇಶದ ಜನಸಂಖ್ಯೆಯಲ್ಲಿ ಅವರ ಪಾಲು ಶೇಕಡಾ 2 ಕೂಡ ಇರಲಿಲ್ಲ.

ವರದಿಯಲ್ಲಿ 339 ಶಿಫಾರಸುಗಳಿದ್ದವು. ಬಂಧನ ಕೊನೆಯ ದಾರಿಯಾಗಬೇಕು, ಬೀದಿಯಲ್ಲಿ ಕುಡಿದಿರುವುದನ್ನು ಅಪರಾಧ ಅನ್ನಬಾರದು, ಸೆಲ್ಲಿನಲ್ಲಿ ಕುಣಿಕೆ ಕಟ್ಟಲು ಆಸರೆಯಾಗುವ ಜಾಗ ಇರಬಾರದು, ಹೀಗೆ. ನಮ್ಮ ವಿಷಯಕ್ಕೆ ಬೇಕಾದ್ದು 224ನೆಯದು. ಅಬೊರಿಜಿನಲ್ ವ್ಯಕ್ತಿಯನ್ನು ಬಂಧಿಸಿದರೆ ಅಥವಾ ತಡೆಹಿಡಿದರೆ ಲೀಗಲ್ ಸರ್ವಿಸ್‌ಗೆ ತಿಳಿಸುವುದು ಕಡ್ಡಾಯ ಆಗಬೇಕು ಅಂತ ಅದು ಹೇಳುತ್ತದೆ. ಬಂಧಿಸಿದರೆ 'ಅಥವಾ ತಡೆಹಿಡಿದರೆ' ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಈ ಎರಡು ಪದ ಬಿಟ್ಟು ನಿಯಮ ಬರೆದ ಕಡೆ ಏನಾಯಿತು ಅಂತ ಮುಂದೆ ನೋಡೋಣ.

ನ್ಯೂ ಸೌತ್ ವೇಲ್ಸ್‌ನಲ್ಲಿ ಈ ಸೇವೆ 2000ದಿಂದ ನಡೆಯುತ್ತಿದೆ. ದಿನಕ್ಕೆ 24 ಗಂಟೆ, ವಾರದ ಏಳೂ ದಿನ. ವರ್ಷಕ್ಕೆ 15,000ಕ್ಕೂ ಹೆಚ್ಚು ಕರೆಗಳು ಬರುತ್ತವೆ. ರಾತ್ರಿ ಪಾಳಿಯ ವಕೀಲರು ಕರೆ ತೆಗೆದುಕೊಂಡಾಗ ಅಧಿಕಾರಿಯ ಹತ್ತಿರ ಮೊದಲು ವಿವರ ಕೇಳುತ್ತಾರೆ. ಯಾರು, ಯಾವ ಆರೋಪ, ಎಷ್ಟು ಹೊತ್ತಿಗೆ ಹಿಡಿದಿರಿ, ವಿಚಾರಣೆ ಮಾಡಬೇಕು ಅಂತ ಇದೆಯಾ? ಆಮೇಲೆ ಫೋನು ಹುಡುಗನ ಕೈಗೆ.

ಇಲ್ಲಿ ವಕೀಲರು ಕಾನೂನು ಮಾತಾಡಲು ಶುರು ಮಾಡುವುದಿಲ್ಲ. 'ಹೇಗಿದ್ದೀಯಪ್ಪಾ?' ಅಂತ ಕೇಳುತ್ತಾರೆ. ಪೆಟ್ಟಾಗಿದೆಯಾ? ಯಾರಾದರೂ ಹೊಡೆದರಾ? ದಿನಾ ಮಾತ್ರೆ ತಗೊಳ್ತೀಯಾ, ಇವತ್ತು ತಗೊಂಡಿದ್ದೀಯಾ? ಶುಗರ್, ಫಿಟ್ಸ್, ಉಬ್ಬಸ ಏನಾದರೂ ಇದೆಯಾ? ಮನಸ್ಸಿಗೆ ತುಂಬಾ ಕಷ್ಟ ಆಗ್ತಿದೆಯಾ, ಜೀವ ಕಳ್ಕೊಬೇಕು ಅನ್ನಿಸ್ತಿದೆಯಾ? ಮನೆಯಲ್ಲಿ ಮಕ್ಕಳು ಒಂಟಿಯಾಗಿ ಇದ್ದಾರಾ? ನೀನು ಇಲ್ಲಿರೋದು ಅಮ್ಮನಿಗೆ ಗೊತ್ತಾ? ಉತ್ತರದಲ್ಲಿ ಏನಾದರೂ ಸರಿಯಿಲ್ಲ ಅನ್ನಿಸಿದರೆ ವಕೀಲರು ಅದೇ ಕರೆಯಲ್ಲಿ ಅಧಿಕಾರಿಗೆ ಹೇಳುತ್ತಾರೆ: ಈತನನ್ನು ಡಾಕ್ಟರಿಗೆ ತೋರಿಸಿ, ಆಂಬುಲೆನ್ಸ್ ಕರೆಸಿ, ಈತನ ಮೇಲೆ ಕಣ್ಣಿಡಿ. ಮನೆಯವರಿಗೂ ಫೋನ್ ಮಾಡುತ್ತಾರೆ.

ಇದನ್ನು ಬರೀ ಸೌಜನ್ಯ ಅಂದುಕೊಳ್ಳಬೇಡಿ. ಅಧಿಕಾರಿಯ ಕಿವಿಗೆ ಎಚ್ಚರಿಕೆ ಬಿತ್ತು, ಬಿದ್ದ ಹೊತ್ತು ಕಾಗದದಲ್ಲಿ ದಾಖಲಾಯಿತು ಅಂದಮೇಲೆ ನಾಳೆ 'ನಮಗೆ ಗೊತ್ತೇ ಇರಲಿಲ್ಲ' ಅನ್ನುವಂತಿಲ್ಲ. ಈ ಫೋನಿನ ಅರ್ಧ ಬಲ ಇರುವುದು ಇಲ್ಲೇ ಅಂತ ನನಗೆ ಅನ್ನಿಸುತ್ತದೆ. ಹೊರಗಿನ ಒಬ್ಬರಿಗೆ ಗೊತ್ತಿದೆ ಅನ್ನುವುದು ಒಳಗಿನವರ ನಡವಳಿಕೆಯನ್ನೇ ಬದಲಿಸುತ್ತದೆ.

ಆಮೇಲೆ ಕಾನೂನು. ಹೆಸರು, ವಿಳಾಸ ಹೇಳು. ಉಳಿದ ಪ್ರಶ್ನೆಗೆ ಉತ್ತರ ಕೊಡಲೇಬೇಕು ಅಂತ ಇಲ್ಲ. ಸುಮ್ಮನಿರುವುದು ನಿನ್ನ ಹಕ್ಕು. ವೀಡಿಯೋ ಮುಂದೆ ವಿಚಾರಣೆಗೆ ಕೂರುತ್ತೀಯಾ, ಬೇಡವಾ? ಬೇಡ ಅಂದರೆ ವಕೀಲರೇ ಅದನ್ನು ಅಧಿಕಾರಿಗೆ ತಿಳಿಸುತ್ತಾರೆ.

ಸುಮ್ಮನಿರು ಅಂತ ಹೇಳಿಕೊಡಬೇಕಾ ಅಂತ ಕೇಳಬಹುದು. ಬೇಕು. ಅದಕ್ಕೆ ಕಾರಣ ಇದೆ. ನಾವು ಚಿಕ್ಕವರಿದ್ದಾಗ ಹೆಡ್‌ಮೇಷ್ಟ್ರು ಎದುರಿಗೆ ನಿಂತು ಏನು ಕೇಳಿದರೂ 'ಹೂಂ ಸಾರ್' ಅಂದುಬಿಡುತ್ತಿದ್ದೆವಲ್ಲ, ಪ್ರಶ್ನೆ ಅರ್ಥವಾಗದಿದ್ದರೂ? ಅಬೊರಿಜಿನಲ್ ಸಾಕ್ಷಿಗಳ ಮಾತುಕತೆಯನ್ನು ಅಧ್ಯಯನ ಮಾಡಿದ ಭಾಷಾವಿಜ್ಞಾನಿಗಳು ಇಂಥದ್ದನ್ನೇ ಕಂಡಿದ್ದಾರೆ. 'ನೀನು ಅಲ್ಲಿದ್ದೆ ಅಲ್ವಾ?' ಅಂದರೆ ಹೌದು. 'ನೀನು ಅಲ್ಲಿರಲಿಲ್ಲ ಅಲ್ವಾ?' ಅಂದರೂ ಹೌದು. ಅಧಿಕಾರ ಇರುವವರ ಜೊತೆ ಜಗಳ ಬೇಡ, ಬೇಗ ಮುಗಿಯಲಿ ಅನ್ನುವ ಹೌದು ಅದು. ಟೈಪ್ ಆದ ಮೇಲೆ ಅದೇ ತಪ್ಪೊಪ್ಪಿಗೆ. ಕಣ್ಣಿಗೆ ಕಣ್ಣಿಟ್ಟು ನೋಡದಿರುವುದು ಅವರಲ್ಲಿ ಮರ್ಯಾದೆ, ಪೊಲೀಸರಿಗೆ ಅದು ಕಳ್ಳ ನೋಟ. ಉತ್ತರ ಕೊಡುವ ಮುಂಚೆ ತುಸು ಹೊತ್ತು ಸುಮ್ಮನಿದ್ದರೆ ಸುಳ್ಳು ಹೊಂದಿಸುತ್ತಿದ್ದಾನೆ ಅನ್ನುತ್ತಾರೆ. ಇದರ ಮೇಲೆ ಕಿವಿಯ ಸಮಸ್ಯೆ ಬೇರೆ. ಚಿಕ್ಕಂದಿನಲ್ಲಿ ಪದೇ ಪದೇ ಕಿವಿ ಸೋರಿ ಕೇಳಿಸುವುದು ಕಡಿಮೆಯಾದವರು ಈ ಸಮುದಾಯಗಳಲ್ಲಿ ಬಹಳ. ಕೇಳಿಸದವನನ್ನು ಮೊಂಡ ಅಂದುಕೊಳ್ಳುವುದು ಸುಲಭ.

ನ್ಯಾಯಾಲಯಗಳಿಗೆ ಇದು ಹೊಸದೇನಲ್ಲ. 1976ರಲ್ಲೇ ಆಸ್ಟ್ರೇಲಿಯಾದ ಉತ್ತರ ಪ್ರಾಂತ್ಯದ (ನಾರ್ದರ್ನ್ ಟೆರಿಟರಿ) ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೋರ್ಸ್ಟರ್ ಅವರು ಅನುಂಗಾ ಎಂಬ ಪ್ರಕರಣದಲ್ಲಿ ಪೊಲೀಸರಿಗೆ 9 ಸೂಚನೆ ಕೊಟ್ಟಿದ್ದರು. ಇಂಗ್ಲಿಷ್ ಸರಿಯಾಗಿ ಬಾರದವನಿಗೆ ದುಭಾಷಿ ಇರಲಿ, ಅವನು ನಂಬುವ ಒಬ್ಬರು ಪಕ್ಕದಲ್ಲಿ ಕೂರಲಿ, ಉತ್ತರವನ್ನು ಬಾಯಿಗೆ ತುರುಕುವ ಪ್ರಶ್ನೆ ಬೇಡ, ಕುಡಿದಾಗ, ಸುಸ್ತಾದಾಗ ಪ್ರಶ್ನೆ ಕೇಳಬೇಡಿ, ಊಟ, ಟೀ ಕೊಡಿ. ಸುಮ್ಮನಿರುವ ಹಕ್ಕನ್ನು ಓದಿ ಹೇಳಿದರೆ ಸಾಲದು, 'ನಿನಗೆ ಏನು ಅರ್ಥವಾಯಿತು, ನಿನ್ನ ಮಾತಿನಲ್ಲಿ ಹೇಳು' ಅಂತ ಕೇಳಿ ಅನ್ನುವುದೂ ಅದರಲ್ಲಿದೆ. ಎಷ್ಟು ಸರಳ ಪರೀಕ್ಷೆ ನೋಡಿ. ಯಾವ ದೇಶದ ಠಾಣೆಯಲ್ಲೂ ಇದನ್ನು ಗೋಡೆಗೆ ಬರೆಸಬಹುದು.

ವಕೀಲರು ಯಾಕೆ ಖುದ್ದಾಗಿ ಠಾಣೆಗೆ ಬರುವುದಿಲ್ಲ? ದೂರ ಒಂದು ಕಾರಣ. ನ್ಯೂ ಸೌತ್ ವೇಲ್ಸ್‌ನಲ್ಲಿ ಇನ್ನೊಂದು ವಿಚಿತ್ರ ಕಾರಣವೂ ಇದೆ. 2013ರಲ್ಲಿ ಅಲ್ಲಿನ ಸಾಕ್ಷ್ಯ ಕಾಯ್ದೆಗೆ ಒಂದು ತಿದ್ದುಪಡಿ ತಂದರು. ಗಂಭೀರ ಅಪರಾಧದ ವಿಚಾರಣೆಯಲ್ಲಿ ಆರೋಪಿ ಈಗ ಬಾಯಿ ಮುಚ್ಚಿಕೊಂಡಿದ್ದು, ಮುಂದೆ ಕೋರ್ಟಿನಲ್ಲಿ ಹೊಸ ವಿಷಯ ಹೇಳಿದರೆ ಆ ಮೌನವನ್ನು ಅವನ ವಿರುದ್ಧ ಎಣಿಸಬಹುದು. ಆದರೆ ಒಂದು ಷರತ್ತು. ಈ ವಿಶೇಷ ಎಚ್ಚರಿಕೆಯನ್ನು ಆರೋಪಿಯ ವಕೀಲರು ಅಲ್ಲೇ ಹಾಜರಿರುವಾಗ ಕೊಟ್ಟಿರಬೇಕು. ಫೋನಿನಲ್ಲಿದ್ದರೆ ಹಾಜರಿದ್ದ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ದೊಡ್ಡ ಕೇಸುಗಳಲ್ಲಿ ವಕೀಲರು ಠಾಣೆಯ ಮೆಟ್ಟಿಲು ಹತ್ತದಿರುವುದೇ ಕಕ್ಷಿದಾರನಿಗೆ ಒಳ್ಳೆಯದು! ಇಂಥ ಕಾನೂನು ಮಾಡಿದವರಿಗೆ ಏನನ್ನಬೇಕೋ.

ಇನ್ನು ಈ ಫೋನು ಯಾವ ರಾಜ್ಯಕ್ಕೆ ಹೇಗೆ ಬಂತು ಅಂತ ನೋಡೋಣ. ನಮ್ಮಲ್ಲಿ ಬಂಧನದ ಕಾನೂನು, ಅಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಇಡೀ ದೇಶಕ್ಕೆ ಒಂದೇ. ಆಸ್ಟ್ರೇಲಿಯಾದಲ್ಲಿ ಬಂಧನದ ಕಾನೂನು ಒಂದೊಂದು ರಾಜ್ಯದ್ದು ಒಂದೊಂದು. 1991ರ ಶಿಫಾರಸನ್ನು ಯಾವ ರಾಜ್ಯ ಯಾವಾಗ ಜಾರಿ ಮಾಡಿತು ಅನ್ನುವುದರಲ್ಲಿ ದಶಕಗಳ ಅಂತರ. ದುಡ್ಡಿನ ಜಗಳ ಬೇರೆ. ನ್ಯೂ ಸೌತ್ ವೇಲ್ಸ್‌ನ ಇಡೀ ಸೇವೆಗೆ 2013ರ ಸುಮಾರಿಗೆ ವರ್ಷಕ್ಕೆ ತಗಲುತ್ತಿದ್ದುದು ಸುಮಾರು 5,26,000 ಡಾಲರ್. ಸರ್ಕಾರದ ಲೆಕ್ಕದಲ್ಲಿ ಚಿಲ್ಲರೆ ದುಡ್ಡು. ಅದನ್ನು ಯಾರು ಕೊಡಬೇಕು, ಕೇಂದ್ರವೋ ರಾಜ್ಯವೋ ಅನ್ನುವ ಜಗ್ಗಾಟದಲ್ಲಿ 2013ರ ಹೊತ್ತಿಗೆ ಸೇವೆ ನಿಂತೇ ಹೋಗುವ ಹಂತ ತಲುಪಿತ್ತು. 2016ರಲ್ಲಿ ಕೇಂದ್ರ ಮಂತ್ರಿ ನೈಜೆಲ್ ಸ್ಕಲಿಯನ್ ಅವರು, ಕಾನೂನು ಮಾಡುವ ರಾಜ್ಯಗಳಿಗೆ ಮೊದಲ 3 ವರ್ಷ ಕೇಂದ್ರವೇ ದುಡ್ಡು ಕೊಡುತ್ತದೆ ಅಂದರು. ಆಮೇಲೆ ಉಳಿದ ಕಡೆ ಕೆಲಸ ಚುರುಕಾಯಿತು.

ದುಡ್ಡಿನ ಮಾತು ಒಂದು ಕಡೆ. ನಿಜವಾಗಿ ರಾಜ್ಯಗಳನ್ನು ಎಬ್ಬಿಸಿದ್ದು ಸಾವುಗಳು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಕಥೆ.

2014, ಸೌತ್ ಹೆಡ್‌ಲ್ಯಾಂಡ್, ಪಶ್ಚಿಮ ಆಸ್ಟ್ರೇಲಿಯಾ. ಯಮಾಜಿ ಎಂಬ ಅಬೊರಿಜಿನಲ್ ಸಮುದಾಯದ 22 ವರ್ಷದ ಯುವತಿ. ಕಟ್ಟದೆ ಉಳಿದಿದ್ದ ದಂಡದ ಬಾಬ್ತು 3,622 ಡಾಲರ್. ಅದಕ್ಕಾಗಿ ಲಾಕಪ್. ಸಂಗಾತಿಯಿಂದ ಹಿಂದೆ ತಿಂದ ಪೆಟ್ಟಿಗೆ ಮುರಿದಿದ್ದ ಪಕ್ಕೆಲುಬಿಗೆ ಸೋಂಕು ತಗಲಿ ರಕ್ತ ನಂಜೇರುತ್ತಿತ್ತು. ನೋವು ಅಂತ ಕೂಗಿಕೊಂಡಳು. ಎರಡು ಸಲ ಆಸ್ಪತ್ರೆಗೆ ಒಯ್ದು ವಾಪಸ್ ತಂದರು. ನಾಟಕ ಮಾಡುತ್ತಿದ್ದಾಳೆ ಅಂತ ಪೊಲೀಸರು ನಂಬಿದ್ದರು. ಮೂರನೇ ಸಲ ಕೈಗೆ ಕೋಳ ಹಾಕಿ ಎತ್ತಿಕೊಂಡು ಹೋಗಿ ವ್ಯಾನಿಗೆ ಹಾಕಿದರು. ಆಸ್ಪತ್ರೆಯಲ್ಲಿ ಜೀವ ಹೋಯಿತು. ಆ ರಾಜ್ಯದಲ್ಲಿ ಆಗ ಕಡ್ಡಾಯದ ಫೋನು ಇರಲಿಲ್ಲ. ಸಾವಿನ ವಿಚಾರಣೆ ನಡೆಸಿದ ಕೊರೋನರ್ 2016ರ ಡಿಸೆಂಬರಿನಲ್ಲಿ ಪೊಲೀಸರ ನಡತೆ ಅಮಾನವೀಯ ಅಂದರು, ಫೋನ್ ವ್ಯವಸ್ಥೆ ತನ್ನಿ ಅಂತಲೂ ಹೇಳಿದರು. ಅದು ಶುರುವಾದದ್ದು 2019ರ ಅಕ್ಟೋಬರಿನಲ್ಲಿ. ಬರೀ ದಂಡ ಕಟ್ಟಲಿಲ್ಲ ಅಂತ ಜೈಲಿಗೆ ಹಾಕುವ ಪದ್ಧತಿಗೆ ಬಹುಮಟ್ಟಿಗೆ ಕಡಿವಾಣ ಬಿದ್ದದ್ದು 2020ರಲ್ಲಿ.

ಎರಡನೆಯದು ನ್ಯೂ ಸೌತ್ ವೇಲ್ಸ್‌ನಲ್ಲೇ, ಫೋನು ಕಡ್ಡಾಯ ಇದ್ದ ರಾಜ್ಯದಲ್ಲೇ. ಸೇವೆ ಶುರುವಾದ ಮೇಲೆ ಅಲ್ಲಿನ ಪೊಲೀಸ್ ಸೆಲ್‌ಗಳಲ್ಲಿ ಅಬೊರಿಜಿನಲ್ ವ್ಯಕ್ತಿಯ ಸಾವು ಆಗಿಯೇ ಇಲ್ಲ ಅಂತ ಲೀಗಲ್ ಸರ್ವಿಸ್ ಹೇಳಿಕೊಳ್ಳುತ್ತಿತ್ತು. 2016ರ ಜುಲೈ ತನಕ. ಆ ತಿಂಗಳು ಮೇಟ್‌ಲ್ಯಾಂಡ್ ಠಾಣೆಯಲ್ಲಿ 36 ವರ್ಷದ ವಿರಾಜುರಿ ಮಹಿಳೆಯೊಬ್ಬರು ಬೆಳಗಾಗುವಷ್ಟರಲ್ಲಿ ಸೆಲ್ಲಿನಲ್ಲೇ ತೀರಿಕೊಂಡಿದ್ದರು. ಫೋನ್ ಯಾಕೆ ಹೋಗಲಿಲ್ಲ? ಆಕೆಯನ್ನು ಪೊಲೀಸರು ಬಂಧಿಸಿರಲೇ ಇಲ್ಲ. ಯಾವ ಆರೋಪವೂ ಇರಲಿಲ್ಲ. ಅಮಲಿನಲ್ಲಿ ರಸ್ತೆಯಲ್ಲಿ ತೂರಾಡುತ್ತಿದ್ದಾಳೆ, ಆಕೆಯ ಒಳ್ಳೆಯದಕ್ಕೇ ಅಂತ ತಂದು ಕೂಡಿಹಾಕಿದ್ದರು. ನಿಯಮ ಇದ್ದದ್ದು ಅಪರಾಧದ ಸಂಬಂಧ ಹಿಡಿದವರಿಗೆ ಮಾತ್ರ. ಕಳ್ಳತನದ ಆರೋಪ ಇದ್ದಿದ್ದರೆ ವಕೀಲರು ಮಾತಾಡಿಸಿ 'ಏನು ತಗೊಂಡಿದ್ದೀಯಮ್ಮಾ' ಅಂತ ಕೇಳುತ್ತಿದ್ದರು. ತಪ್ಪು ಮಾಡಿರಲಿಲ್ಲ, ಅದಕ್ಕೇ ಯಾರೂ ಕೇಳಲಿಲ್ಲ. 1991ರ ವರದಿಯ 'ಅಥವಾ ತಡೆಹಿಡಿದರೆ' ಅನ್ನುವ ಆ ಎರಡು ಪದ ನಿಯಮದೊಳಗೆ ಬರಲು 2019ರ ಅಕ್ಟೋಬರ್ ಆಯಿತು.

ಮೂರನೆಯದು ವಿಕ್ಟೋರಿಯಾ ರಾಜ್ಯ. 2017ರ ಡಿಸೆಂಬರಿನಲ್ಲಿ 55 ವರ್ಷದ ಯೋರ್ಟಾ ಯೋರ್ಟಾ ಮಹಿಳೆಯೊಬ್ಬರು ಮೆಲ್ಬರ್ನ್ ರೈಲಿನಲ್ಲಿ ನಿದ್ದೆ ಹೋಗಿದ್ದರು. ಕಂಡಕ್ಟರ್ ಪೊಲೀಸರನ್ನು ಕರೆದರು. ಕ್ಯಾಸಲ್‌ಮೇನ್‌ನಲ್ಲಿ ಇಳಿಸಿ, ಸಾರ್ವಜನಿಕ ಜಾಗದಲ್ಲಿ ಕುಡಿದ ಅಪರಾಧಕ್ಕೆ ಸೆಲ್ಲಿಗೆ ಹಾಕಿದರು. ಅಮಲು ಇಳಿಯಲಿ ಅಂತ. ಅಲ್ಲಿ ಬಿದ್ದು ತಲೆಗೆ ಪೆಟ್ಟಾಯಿತು. ಗಂಟೆಗಟ್ಟಲೆ ಯಾರಿಗೂ ಅದು ಗೊತ್ತಾಗಲಿಲ್ಲ. 17 ದಿನದ ನಂತರ ಆಸ್ಪತ್ರೆಯಲ್ಲಿ ಸತ್ತರು. ಈಗ ವಿಕ್ಟೋರಿಯಾದಲ್ಲಿ ಪೊಲೀಸರು 1 ಗಂಟೆಯೊಳಗೆ ಅಲ್ಲಿನ ಅಬೊರಿಜಿನಲ್ ಲೀಗಲ್ ಸರ್ವಿಸ್‌ಗೆ ತಿಳಿಸಬೇಕು ಅಂತ ಕಾನೂನೇ ಇದೆ. ಕುಡಿದಿರುವುದೇ ಅಪರಾಧ ಅನ್ನುವ ಕಾನೂನನ್ನು ರದ್ದು ಮಾಡಿದ್ದು ಮಾತ್ರ 2023ರ ನವೆಂಬರಿನಲ್ಲಿ. ಶಿಫಾರಸು ಬಂದು 32 ವರ್ಷ ಆಗಿತ್ತು. ಹಾಗೆ ಆಗುವಂತೆ ಮಾಡಿದವರಲ್ಲಿ ಆಕೆಯ ಮಕ್ಕಳೇ ಮುಂದಿದ್ದರು.

ನಮ್ಮ ದೇಶದಲ್ಲಿ ಹೇಗೆ ಅಂತ ಈ ಹೊತ್ತಿಗೆ ಮನಸ್ಸಿಗೆ ಬಂದೇ ಬರುತ್ತದೆ. ಸುಪ್ರೀಂ ಕೋರ್ಟ್ 1996ರ ಡಿ.ಕೆ. ಬಸು ತೀರ್ಪಿನಲ್ಲಿ ಬಂಧನದ ಮೆಮೊ, ಮನೆಯವರಿಗೆ ತಿಳಿಸುವುದು, 48 ಗಂಟೆಗೊಮ್ಮೆ ವೈದ್ಯಕೀಯ ಪರೀಕ್ಷೆ ಎಲ್ಲ ಕಡ್ಡಾಯ ಮಾಡಿತು. ನೆಂಟರೋ ಗೆಳೆಯರೋ ಬೇರೆ ಊರಿನಲ್ಲಿದ್ದರೆ ಕಾನೂನು ನೆರವು ಸಂಸ್ಥೆಯ ಮೂಲಕ 8ರಿಂದ 12 ಗಂಟೆಯೊಳಗೆ ಸುದ್ದಿ ಮುಟ್ಟಿಸಬೇಕು ಅಂತಲೂ ಇದೆ. ಆದರೆ ನಮ್ಮಲ್ಲಿ ಸುದ್ದಿ ಹೋಗುವುದು ಬಂಧಿತನು ಹೆಸರಿಸಿದ ವ್ಯಕ್ತಿಗೆ. ಕೂಲಿಗೆ ಹೋಗಿರುವ ಅಣ್ಣನಿಗೋ, ಠಾಣೆ ಅಂದರೆ ನಡುಗುವ ಅಪ್ಪನಿಗೋ. ಅಲ್ಲಿ ಹೋಗುವುದು ನಿದ್ದೆಗೆಟ್ಟು ಕೂತಿರುವ ವಕೀಲರಿಗೆ. ವ್ಯತ್ಯಾಸ ಇಷ್ಟೇ, ಆದರೆ ಸಣ್ಣದಲ್ಲ. ಸಿಡ್ನಿಯಲ್ಲಿರುವ ಕನ್ನಡಿಗರು ಇನ್ನೊಂದು ವಿಷಯ ತಿಳಿದಿರಲಿ. ನ್ಯೂ ಸೌತ್ ವೇಲ್ಸ್‌ನ ಅದೇ ಪೊಲೀಸ್ ನಿಯಮಗಳು ಇಂಗ್ಲಿಷ್ ಮನೆಮಾತಲ್ಲದ ಹಿನ್ನೆಲೆಯವರನ್ನೂ ವಿಶೇಷ ಕಾಳಜಿ ಬೇಕಾದವರ ಪಟ್ಟಿಯಲ್ಲಿ ಸೇರಿಸಿವೆ. ಊರಿಂದ ಹೋಗಿ ಮಗನ ಮನೆಯಲ್ಲಿರುವ ಅಜ್ಜನಿಗೆ ಅಂಥ ಹೊತ್ತು ಬಂದರೆ ಪಕ್ಕದಲ್ಲಿ ಒಬ್ಬರು ಇರಲಿ ಅಂತ ಕೇಳಬಹುದು.

ಈ ಫೋನಿಗೆ ಮಿತಿಗಳೂ ಇವೆ. ಪಕ್ಕದಲ್ಲೇ ಪೊಲೀಸರು ನಿಂತಿರುವಾಗ 'ಹೊಡೆದರಾ' ಅಂತ ವಕೀಲರು ಕೇಳಿದರೆ ಹುಡುಗ ಏನು ಹೇಳಿಯಾನು? ಸೆಲ್ಲಿನೊಳಗೆ ಏನಾಗುತ್ತಿದೆ ಅಂತ ವಕೀಲರಿಗೆ ಕಾಣುವುದಿಲ್ಲ. ಡಾಕ್ಟರಿಗೆ ತೋರಿಸಿ ಅಂತ ಅವರು ಹೇಳಬಹುದು, ಆಸ್ಪತ್ರೆಗೆ ಕರೆದುಕೊಂಡು ಹೋಗುವ ವ್ಯಾನಿನ ಕೀಲಿ ಪೊಲೀಸರ ಕೈಯಲ್ಲೇ ಇರುತ್ತದೆ. ಮೂಲ ಪ್ರಶ್ನೆಯನ್ನೇ ಕೇಳದಿದ್ದರೆ, ಅಥವಾ ಮೈಬಣ್ಣ ನೋಡಿ 'ಇವನು ಅಬೊರಿಜಿನಲ್ ಅಲ್ಲ' ಅಂದುಕೊಂಡರೆ ಕರೆಯೇ ಹೋಗುವುದಿಲ್ಲ. ಇನ್ನು ಬೀದಿಯಲ್ಲಿ ಬೆನ್ನಟ್ಟುವಾಗ, ಗುಂಡು ಹಾರಿಸಿದಾಗ ಆಗುವ ಸಾವಿಗೂ ಈ ಫೋನಿಗೂ ಸಂಬಂಧವೇ ಇಲ್ಲ.

ಹುಡುಗನಿಗೆ ಠಾಣೆಯಲ್ಲೇ ಬೇಲ್ ಸಿಗದಿದ್ದರೆ ರಾತ್ರಿಯ ವಕೀಲರ ಟಿಪ್ಪಣಿ ಆ ಭಾಗದ ವಕೀಲರಿಗೆ ಹೋಗುತ್ತದೆ. ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವ ಹೊತ್ತಿಗೆ ಅವನ ಮಾತ್ರೆ ಯಾವುದು, ಮನೆಯಲ್ಲಿ ಯಾರಿದ್ದಾರೆ, ಬೇಲ್ ಸಿಕ್ಕರೆ ಎಲ್ಲಿ ಉಳಿಯುತ್ತಾನೆ ಅನ್ನುವುದು ಅವರಿಗೆ ಗೊತ್ತಿರುತ್ತದೆ. ಬೇಲ್ ಅಲ್ಲೂ ಸಿಗದಿದ್ದರೆ ಜೈಲು. 1991ರಿಂದ ಈಚೆಗೆ ಪೊಲೀಸ್ ವಶದಲ್ಲಿ ಮತ್ತು ಜೈಲುಗಳಲ್ಲಿ ಸತ್ತ ಅಬೊರಿಜಿನಲ್ ಮತ್ತು ಟೊರೆಸ್ ಸ್ಟ್ರೇಟ್ ದ್ವೀಪದ ಜನ 500ಕ್ಕೂ ಹೆಚ್ಚು. ಈಗ ಹೆಚ್ಚಿನ ಸಾವು ಆಗುತ್ತಿರುವುದು ಜೈಲುಗಳಲ್ಲಿ. ದೇಶದ ಜೈಲುಗಳಲ್ಲಿ ಮೂವರಲ್ಲಿ ಒಬ್ಬರು ಈ ಸಮುದಾಯಗಳವರು. ಅವರಲ್ಲಿ ಬಹಳ ಜನ ಇನ್ನೂ ಶಿಕ್ಷೆಯಾಗದೆ ವಿಚಾರಣೆಗೆ ಕಾಯುತ್ತಿರುವವರು.